ಗೋಡೆ ಅವಳದು, ನೆಲ ಇವನದು

ಕಲ್ಲೇಶ ನನ್ನ ಅಂಗಡಿಗೆ ಬರುವುದು ಕಾಫಿಪುಡಿಗಲ್ಲ, ಪ್ರಜ್ಞಾಳ ಅಂಗಡಿಯನ್ನು ನೋಡುವುದಕ್ಕೆ. ಅಜ್ಜಂಪುರದ ಬಸ್ ಸ್ಟ್ಯಾಂಡಿನಿಂದ ರೈಲ್ವೆ ಸ್ಟೇಷನ್ ಕಡೆಗೆ ಹೋಗುವ ರಸ್ತೆಯಲ್ಲಿ ಅವನ ಗುರುಕೃಪಾ ಪ್ರಿಂಟರ್ಸ್ ಮತ್ತು ನನ್ನ ಕಾಫಿಪುಡಿ ಅಂಗಡಿ ಒಂದೇ ಗೋಡೆಯ ಆಚೆ ಈಚೆ ಇವೆ. ಎದುರು ಸಾಲಿನಲ್ಲಿ ಪ್ರಜ್ಞಾ ಡಿಜಿಟಲ್ಸ್. ಅವನ ಬಾಗಿಲಲ್ಲಿ ನಿಂತರೆ ಹೊಂಗೆಮರ ಅಡ್ಡ ಬರುತ್ತದೆ. ನನ್ನ ಬಾಗಿಲಿಂದ ನೋಡಿದರೆ ಅವಳ ಕಂಪ್ಯೂಟರ್ ಪರದೆಯವರೆಗೂ ಕಾಣುತ್ತದೆ. ಹಾಗಾಗಿ ದಿನಾ ಬೆಳಿಗ್ಗೆ ಬಂದು ನನ್ನ ಸ್ಟೂಲಿನ ಮೇಲೆ ಕೂತು, ನನ್ನ ಪೇಪರನ್ನೇ ಮುಖಕ್ಕೆ ಹಿಡಿದುಕೊಂಡು, ಅದರ ಅಂಚಿನಿಂದ ಆ ಕಡೆ ನೋಡುತ್ತಾನೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಗೊತ್ತಾಗುವುದಿಲ್ಲವೇ? ಒಮ್ಮೆ ಪ್ರಜ್ಞಾ ಅಲ್ಲಿಂದಲೇ ಕೈಯೆತ್ತಿ, "ಕಲ್ಲೇಶಣ್ಣಾ, ಪೇಪರ್ ತಲೆಕೆಳಗಾಗೈತೆ" ಎಂದು ಕೂಗಿದ್ದಳು. ಆಮೇಲೆ ಒಂದು ವಾರ ಅವನು ಬರಲಿಲ್ಲ. ನನಗೆ ಪೇಪರ್ ಓದುವುದಕ್ಕೆ ಸಿಕ್ಕಿತು.

ಕಲ್ಲೇಶ ಕೆಟ್ಟವನಲ್ಲ. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವುದೆಲ್ಲ ಅವನ ಹೊಟ್ಟೆಕಿಚ್ಚಿನ ಕಥೆಯೇ. ಅವನ ಅಪ್ಪ ಓಂಕಾರಮೂರ್ತಿಯವರು ಇದೇ ಅಂಗಡಿಯಲ್ಲಿ ಕಾಲಿನಲ್ಲಿ ತುಳಿಯುವ ಅಚ್ಚಿನ ಯಂತ್ರ ಇಟ್ಟಿದ್ದರು. ಸುತ್ತಿನ ಊರುಗಳ ಲಗ್ನಪತ್ರಿಕೆ, ಗೃಹಪ್ರವೇಶದ ಪತ್ರಿಕೆ, ಮಠದ ಆಹ್ವಾನ, ತಿಥಿಯ ಕಾರ್ಡು ಎಲ್ಲ ಅಲ್ಲೇ ಆಗಬೇಕು. ಅವರ ಕೈಯಲ್ಲಿ ಒಂದು ವಿಶೇಷ ಇತ್ತು. ಹೂವು, ಬಳ್ಳಿ, ಎಲೆ ಕೊರೆದ ಸಣ್ಣಸಣ್ಣ ಸೀಸದ ಅಚ್ಚುಮೊಳೆಗಳನ್ನು ಒಂದರ ಪಕ್ಕ ಒಂದು ಕೂರಿಸಿ ಪತ್ರಿಕೆಯ ಸುತ್ತ ಅಂಚು ಕಟ್ಟುತ್ತಿದ್ದರು. ಒಂದು ಮೊಳೆ ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂದು ಯಾರಿಗೂ ಹೇಳಲಾಗುತ್ತಿರಲಿಲ್ಲ. ಮಠದ ಪತ್ರಿಕೆಗೆ ಮಾತ್ರ ಅವರು ಬಿಲ್ವದೆಲೆಯ ಮೊಳೆಗಳನ್ನು ತೆಗೆಯುತ್ತಿದ್ದರು. ಅವನ್ನು ಬೇರೆ ಡಬ್ಬಿಯಲ್ಲಿ, ದೇವರ ಪಟದ ಕೆಳಗೆ ಇಟ್ಟಿರುತ್ತಿದ್ದರು.

ಅಪ್ಪ ಹೋದ ಮೇಲೆ ಯಂತ್ರ ಗುಜರಿಗೆ ಹೋಯಿತು, ಕಂಪ್ಯೂಟರ್ ಬಂತು. ಕಲ್ಲೇಶ ಫೋಟೋಶಾಪನ್ನೂ ಕೋರೆಲ್ಲನ್ನೂ ತನಗೆ ತಾನೇ ಕಲಿತ. ಅಪ್ಪ ಕಟ್ಟಿದ ಹೆಸರು ಇತ್ತು, ಊರಲ್ಲಿ ಬೇರೆ ಯಾರೂ ಇರಲಿಲ್ಲ. ಇಂಟರ್ನೆಟ್ಟಿನಿಂದ ಒಂದು ಗುಲಾಬಿ ಚಿತ್ರ ತೆಗೆದು, ಎಳೆದು ದೊಡ್ಡದು ಮಾಡಿ, ಅದರ ಮೇಲೆ ವಧೂವರರ ಹೆಸರು ಕೂರಿಸಿದರೆ ಫ್ಲೆಕ್ಸ್ ಆಯಿತು. ದೊಡ್ಡದು ಮಾಡಿದ ಗುಲಾಬಿ ಹತ್ತಿರದಿಂದ ನೋಡಿದರೆ ರಾಗಿಮುದ್ದೆಯ ಹಾಗೆ ಕಾಣುತ್ತಿತ್ತು. ಯಾರೂ ಹತ್ತಿರದಿಂದ ನೋಡುತ್ತಿರಲಿಲ್ಲ. ಹತ್ತಾರು ವರ್ಷ ಅವನು ಸುಖವಾಗಿದ್ದ.

ಅಜ್ಜಂಪುರ ತಾಲ್ಲೂಕಾಯಿತು. ಆಫೀಸುಗಳು ಬಂದವು, ಆಫೀಸಿನ ಹಿಂದೆ ಅಂಗಡಿಗಳು ಬಂದವು. ಅಂಗಡಿಗಳ ಜೊತೆ ಪ್ರಜ್ಞಾ ಬಂದಳು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತರಾದ ರಂಗಪ್ಪನವರ ಮಗಳು. ಕಡೂರಿನಲ್ಲಿ ಡಿಗ್ರಿ ಓದಿ, ತರೀಕೆರೆಯ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕೆಲವು ವರ್ಷ ಕೆಲಸ ಮಾಡಿ, ಬ್ಯಾಂಕಿನ ಸಾಲದಲ್ಲಿ ಎದುರಿನ ಮಳಿಗೆ ಹಿಡಿದಳು. ಅವಳು ಅಂಗಡಿ ತೆಗೆದ ದಿನ ಕಲ್ಲೇಶ ಹೋಗಿ ಹಾರ ಹಾಕಿ, ಸಿಹಿ ತಿಂದು ಬಂದ. ಬಂದವನೇ ನನ್ನ ಹತ್ತಿರ, ಆಧಾರ್ ಕಾರ್ಡು, ಜೆರಾಕ್ಸು ಮಾಡ್ಕೊಂಡು ಇರ್ತಾಳೆ, ನಮಗೇನು ಎಂದ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ನಾನು ಅಂದೆ. ಅವನಿಗೆ ಅದು ಹಿಡಿಸಲಿಲ್ಲ.

ನೀರಿಗೆ ಅವಳು ಬೇಗನೇ ಬಂದಳು. ಯಾರದೋ ಆರತಕ್ಷತೆಗೆ ಅವಳು ಮಾಡಿದ ವೇದಿಕೆಯ ಹಿಂದಿನ ಪರದೆಯನ್ನು ನಾನೂ ನೋಡಿದೆ. ಚೆಂಡುಹೂವು, ಮಾವಿನೆಲೆ, ನಡುನಡುವೆ ಸಣ್ಣ ಹಕ್ಕಿ. ಗೋಡೆಯ ಈ ತುದಿಯಿಂದ ಆ ತುದಿಗೆ ಒಂದೇ ಹರಿವು, ಎಲ್ಲೂ ಕಡಿತ ಇಲ್ಲ. ಹತ್ತಿರ ಹೋದರೂ ಹೂವಿನ ಎಸಳು ಎಸಳೇ. ನಾನು ಅವಳನ್ನು ಕೇಳಿದಾಗ ನಗುತ್ತಾ ಹೇಳಿದಳು, ಅಷ್ಟು ದೊಡ್ಡದನ್ನು ಯಾರು ಬರೆಯುತ್ತಾರೆ ಅಣ್ಣಾ, ಬರೆದಿದ್ದು ಒಂದು ಚೌಕ ಅಷ್ಟೇ, ಅದನ್ನೇ ನೆಲಕ್ಕೆ ಟೈಲ್ಸ್ ಹಾಕಿದ ಹಾಗೆ ಸಾಲಾಗಿ ಜೋಡಿಸಿದ್ದೇನೆ ಎಂದು. ಜೋಡಿಸಿದ್ದು ಮಾತ್ರ ಎಷ್ಟು ಹುಡುಕಿದರೂ ನನ್ನ ಕಣ್ಣಿಗೆ ಸಿಗಲಿಲ್ಲ.

ಈ ವಿಷಯ ನಾನು ಕಲ್ಲೇಶನಿಗೆ ಹೇಳಬಾರದಿತ್ತೇನೋ, ಆದರೆ ಬಾಯಿ ಸುಮ್ಮನಿರಬೇಕಲ್ಲ. ಅವನು ಆ ದಿನವೇ ಒಂದು ಚೌಕದಲ್ಲಿ ಗುಲಾಬಿ ಇಟ್ಟು ಸಾಲಾಗಿ ಜೋಡಿಸಿದ. ಜೋಡಿಸಿದ ಕಡೆಯಲ್ಲೆಲ್ಲ ಉದ್ದಕ್ಕೂ ಅಡ್ಡಕ್ಕೂ ಗೆರೆ ಎದ್ದು ಕಂಡಿತು. ಅದನ್ನೇ ಮುದ್ರಿಸಿ ಒಬ್ಬರ ನಾಮಕರಣಕ್ಕೆ ಕೊಟ್ಟ. ಅಲ್ಲಿ ಊಟಕ್ಕೆ ಕೂತ ಯಾರೋ ಒಬ್ಬರು, ಏನ್ರೀ ಇದು ಬಚ್ಚಲುಮನೆ ಗೋಡೆ ಇದ್ದಂಗಿದೆ ಎಂದರು. ಆ ಮಾತು ಬಸ್ಸಿಗಿಂತ ಬೇಗ ನಮ್ಮ ರಸ್ತೆಗೆ ಬಂತು.

ಅವತ್ತಿನಿಂದ ಅವನಿಗೆ ನಿದ್ದೆ ಇಲ್ಲ. ಊರಲ್ಲಿ ಎಲ್ಲಿ ಅವಳ ಫ್ಲೆಕ್ಸ್ ಕಟ್ಟಿದ್ದರೂ ಹೋಗಿ ಎದುರಿಗೆ ನಿಲ್ಲುತ್ತಿದ್ದ. ಗೇಣು ಹಾಕಿ ಅಳೆಯುತ್ತಿದ್ದ. ಕೆಳಗೆ ಬಲಮೂಲೆಯಲ್ಲಿ ಪ್ರಜ್ಞಾ ಡಿಜಿಟಲ್ಸ್ ಎಂಬ ಹೆಸರನ್ನೂ ಫೋನ್ ನಂಬರನ್ನೂ ನೋಡಿ ಹಲ್ಲು ಕಡಿಯುತ್ತಿದ್ದ. ಮೂಲೆಯಲ್ಲಿ ಹೆಸರು ಹಾಕುವುದು ನಮ್ಮ ಕಡೆ ಪದ್ಧತಿ, ಮಾಡಿದವರು ಯಾರೆಂದು ಅದನ್ನು ನೋಡಿಯೇ ಜನ ತಿಳಿಯುವುದು. ಅವಳ ಹೆಸರಿದ್ದ ಮೂಲೆಗಳೆಲ್ಲ ಮೊದಲು ಗುರುಕೃಪಾದವು. ಕಲ್ಲೇಶ ಜಾತಿಯ ಮಾತನ್ನು ಬಾಯಿಬಿಟ್ಟು ಆಡಿದವನಲ್ಲ, ಆಡಿದರೆ ಏನಾಗುತ್ತದೆಂದು ತಿಳಿದ ಕಾಲದವನು. "ನಮ್ ಕಡೆಯೋರ ಕೆಲ್ಸ ನಮ್ ಹತ್ರನೇ ಇರ್ಬೇಕಿತ್ತು" ಎನ್ನುತ್ತಿದ್ದ. ಅದರೊಳಗೆ ಏನಿತ್ತು ಎಂದು ಅವನ ಹೆಂಡತಿ ಸುಮನಾಳಿಗೂ ಗೊತ್ತು, ನನಗೂ ಗೊತ್ತು. ಸುಮನಾ ಒಂದು ದಿನ ನನ್ನೆದುರಿಗೇ ಅವನಿಗೆ ಹೇಳಿದಳು, ಅವಳ ಕೈಯಲ್ಲಿ ಬರೋದು ನಿಮ್ಮ ಕೈಯಲ್ಲಿ ಬರೋ ಹಂಗೆ ಮಾಡ್ಕೊಳ್ಳಿ, ಬೇರೆ ಮಾತೆಲ್ಲ ಬಿಡಿ ಎಂದು. ಅವನು ಊಟದ ತಟ್ಟೆ ತಳ್ಳಿ ಎದ್ದ.

ಆದರೆ ಮಾತು ನಾಟಿತ್ತು. ಬಾಗಿಲು ಅರ್ಧ ಮುಚ್ಚಿಕೊಂಡು ಫೋನಿನಲ್ಲಿ ವೀಡಿಯೋ ನೋಡಿ ನೋಡಿ ಕೊನೆಗೂ ಅದರ ಗುಟ್ಟು ಹಿಡಿದ. ಹಿಡಿದ ಖುಷಿಗೆ ನನ್ನ ಕೌಂಟರಿನ ಮೇಲಿದ್ದ ಪೊಟ್ಟಣದ ಕಾಗದ ಎಳೆದುಕೊಂಡು ತೋರಿಸಿದ. ಚೌಕದ ನಡುವೆ ಒಂದು ಹೂವು ಬರೆದ, ಅಂಚನ್ನು ಮುಟ್ಟಲಿಲ್ಲ. ಕಾಗದವನ್ನು ನಡುವೆ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ನಾಲ್ಕು ತುಂಡು ಹರಿದ. ಎಡಗಡೆಯದನ್ನು ಬಲಕ್ಕೆ, ಮೇಲಿನದನ್ನು ಕೆಳಕ್ಕೆ ಸರಿಸಿ ಮತ್ತೆ ಚೌಕ ಮಾಡಿದ. ಹೊರಗಿದ್ದ ಅಂಚುಗಳೆಲ್ಲ ಈಗ ಒಳಗೆ ಬಂದು ಕೂಡಿದ್ದವು, ಹೂವು ಸೀಳಿ ನಾಲ್ಕು ಮೂಲೆಗೆ ಹೋಗಿತ್ತು. ಆ ಕೂಡಿದ ಜಾಗದ ಮೇಲೆ ಎಲೆ ಬಳ್ಳಿ ಬರೆದು ಮುಚ್ಚಿದ. ಇನ್ನು ಈ ಚೌಕವನ್ನು ಎಷ್ಟು ಜೋಡಿಸಿದರೂ ಗೆರೆ ಕಾಣುವುದಿಲ್ಲ, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಈ ಹರಿದು ಸರಿಸುವುದೆಲ್ಲ ತಾನೇ ಆಗುತ್ತದೆ ಎಂದ. ನಿಮ್ಮಪ್ಪ ಸೀಸದಲ್ಲಿ ಮಾಡುತ್ತಿದ್ದದ್ದು ಇದೇ ಅಲ್ಲವೇನೋ ಎಂದೆ. ಅವನು ಎದುರಿನ ಅಂಗಡಿ ನೋಡಿ, ಅವಳಿಗೆ ಇದು ಎಂದಿನಿಂದ ಗೊತ್ತಿತ್ತೋ ಎಂದ. ಕಲಿತ ಸಂತೋಷಕ್ಕಿಂತ ಅವಳು ಮೊದಲೇ ಕಲಿತಿದ್ದಳಲ್ಲ ಎಂಬ ಸಂಕಟ ಹೆಚ್ಚು.

ಆಗಲೇ ಪಂಚಾಕ್ಷರಪ್ಪನವರ ಮಗಳ ಮದುವೆ ಬಂತು. ಪಂಚಾಕ್ಷರಪ್ಪ ಎಂದರೆ ನಮ್ಮೂರಿನ ದೊಡ್ಡ ಈರುಳ್ಳಿ ವ್ಯಾಪಾರಿ, ಮಠದ ಕಮಿಟಿಯಲ್ಲಿ ಇರುವವರು. ಅವರ ಮನೆಯ ಎರಡು ತಲೆಮಾರಿನ ಪತ್ರಿಕೆಗಳೆಲ್ಲ ಗುರುಕೃಪಾದಲ್ಲೇ ಅಚ್ಚಾದವು. ಆ ಮದುವೆಯ ವೇದಿಕೆ ಯಾರದಾಗುತ್ತದೋ ಮುಂದಿನ ವರ್ಷಗಳ ಮದುವೆಗಳೆಲ್ಲ ಅವರದೇ, ಇದು ಕಲ್ಲೇಶನಿಗೂ ಗೊತ್ತು, ಪ್ರಜ್ಞಾಳಿಗೂ ಗೊತ್ತು. ಕಲ್ಲೇಶ ಕರೆ ಬರುವುದನ್ನು ಕಾಯುತ್ತಿದ್ದ. ಕರೆ ಬಂತು. ಆದರೆ ಮದುಮಗಳೂ ಪ್ರಜ್ಞಾಳೂ ಕಡೂರಿನಲ್ಲಿ ಒಟ್ಟಿಗೆ ಓದಿದವರು, ವೇದಿಕೆಯ ಹಿಂದಿನ ಗೋಡೆಯ ಪರದೆ ಪ್ರಜ್ಞಾಳೇ ಮಾಡಬೇಕೆಂದು ಹುಡುಗಿ ಹಟ ಹಿಡಿದಿದ್ದಳು. ಪಂಚಾಕ್ಷರಪ್ಪನವರಿಗೆ ಸಂಕೋಚ. "ನೀನೂ ಮನೆಯೋನೇ ಅಲ್ವೇನಪ್ಪಾ, ಸ್ಟೇಜಿನ ನೆಲಹಾಸು ನೀನು ಮಾಡ್ಬಿಡು" ಎಂದರು.

ಕಲ್ಲೇಶ ನನ್ನ ಸ್ಟೂಲಿನ ಮೇಲೆ ಕೂತು ಅದನ್ನು ಹೇಳುವಾಗ ಅವನ ಮುಖ ಇಂಗು ತಿಂದ ಮಂಗನ ಹಾಗಿತ್ತು. ಗೋಡೆ ಅವಳಿಗೆ, ಫೋಟೋದಲ್ಲಿ ಬರುವುದು ಗೋಡೆ. ತನ್ನದು ಜನ ಕಾಲಿಡುವುದಕ್ಕೆ. ಅದೂ ಅವಳ ಗೋಡೆಯ ಬುಡದಲ್ಲಿ. ಬೇಡ ಎಂದುಬಿಡು ಎಂದೆ. ಬೇಡವೆಂದರೆ ಅದನ್ನೂ ಅವಳಿಗೇ ಕೊಡುತ್ತಾರೆ ಎಂದ.

ಅವಳು ಗೋಡೆಗೆ ಏನು ಮಾಡುತ್ತಿದ್ದಾಳೆಂದು ತಿಳಿಯಲು ಅವನಿಗೆ ಹೆಚ್ಚು ದಿನ ಬೇಕಾಗಲಿಲ್ಲ, ನನ್ನ ಸ್ಟೂಲಿತ್ತಲ್ಲ. ಈರುಳ್ಳಿ ಹೂವು. ಹೊಲದಲ್ಲಿ ಬೀಜಕ್ಕೆ ಬಿಟ್ಟಾಗ ಉದ್ದ ದಂಟಿನ ತುದಿಯಲ್ಲಿ ಬಿಳಿ ಚೆಂಡಿನ ಹಾಗೆ ಬಿಡುತ್ತದಲ್ಲ, ಅದು. ಹಸಿರು ಮೈಮೇಲೆ ಬಿಳಿ ಚೆಂಡುಗಳು. ಮದುಮಗಳೇ ಕೇಳಿದ್ದಂತೆ, ನಮ್ಮಪ್ಪ ನಮ್ಮನ್ನು ಸಾಕಿದ್ದು ಅದರಲ್ಲೇ ಎಂದು. ನನಗೆ ಅದು ತುಂಬ ಇಷ್ಟವಾಯಿತು. ಕಲ್ಲೇಶ ಊರೆಲ್ಲ ಹೇಳಿಕೊಂಡು ಬಂದ, ಮಠಕ್ಕೆ ನಡೆದುಕೊಳ್ಳುವ ಮನೆಯ ಮದುವೆಯ ಗೋಡೆಗೆ ಈರುಳ್ಳಿಯೇ, ಪೂಜೆಯ ದಿನ ಅಡುಗೆಮನೆಗೂ ಸೇರಿಸದ ಪದಾರ್ಥ, ಯಾವುದನ್ನು ಎಲ್ಲಿಡಬೇಕೆಂದು ತಿಳಿಯದವರ ಕೈಗೆ ಕೊಟ್ಟರೆ ಹೀಗೇ ಎಂದು. ಯಾವುದನ್ನು ಎಲ್ಲಿಡಬೇಕು ಎನ್ನುವ ಈ ಮಾತನ್ನು ಓದುವವರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಿ.

ಮನೆಯಲ್ಲಿ ಹುಡುಕಿ ಅವನು ಅಪ್ಪನ ಕಾಲದ ಮಠದ ಪತ್ರಿಕೆಯೊಂದನ್ನು ತಂದ. ಅದರ ಅಂಚಿನಲ್ಲಿ ಅಪ್ಪನ ಮೊಳೆಗಳ ಬಿಲ್ವದೆಲೆ ಇತ್ತು, ಒಂದು ತೊಟ್ಟಿಗೆ ಮೂರು ಎಲೆ. ಅದನ್ನು ಸ್ಕ್ಯಾನ್ ಮಾಡಿ, ಅದರ ಮೇಲೆ ಗೆರೆ ಎಳೆದು, ಎಲೆಯ ನರ ಬಿಡಿಸಿ, ಚೌಕದ ನಡುವೆ ಇಟ್ಟ. ಸರಿಸಿದ, ಕೂಡಿದ ಜಾಗದಲ್ಲಿ ಇನ್ನೊಂದು ದಳ ಬರೆದ. ಮತ್ತೆ ಸರಿಸಿ ನೋಡಿದ. ಎಲ್ಲಾದರೂ ಬಣ್ಣದ ಗುಂಪು ಎದ್ದು ಕಂಡರೆ ಅಳಿಸಿ ಮತ್ತೆ ಬರೆದ. ಹೊಸ ಎಲೆಗೆ ಒಂದು ಹಸಿರು, ಬಲಿತ ಎಲೆಗೆ ಇನ್ನೊಂದು. ಇದೆಲ್ಲ ಆಮೇಲೆ ತಿಳಿದದ್ದು. ಆಗ ಅವನು ಯಾರಿಗೂ ತೋರಿಸಲಿಲ್ಲ. ಎದುರಿನವಳು ಕದಿಯುತ್ತಾಳೆಂಬ ಭಯಕ್ಕೆ ಕಂಪ್ಯೂಟರ್ ಪರದೆಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದ. ಸುಮನಾ ಊಟ ತಂದರೆ ಟವೆಲ್ ಮುಚ್ಚುತ್ತಿದ್ದ. ಮುದ್ರಣಕ್ಕೂ ತರೀಕೆರೆಗೆ ಹೋಗಲಿಲ್ಲ, ಅಲ್ಲಿ ಅವಳ ಪರಿಚಯದವರಿದ್ದಾರೆಂದು ಕಡೂರಿಗೆ ಹೋದ. ತಂದ ಸುರುಳಿಯ ಬೆನ್ನು ಮಾತ್ರ ನಮಗೆ ಕಂಡಿತು. ಅವಳ ಗೋಡೆ ಇನ್ನು ಯಾರು ನೋಡ್ತಾರೆ, ಎಲ್ಲರ ಕಣ್ಣೂ ಕೆಳಗೇ ಎಂದ.

ಹೆಸರು ಹಾಕಿದ್ದೀಯೇನೋ ಎಂದು ಕೇಳಿದೆ. "ನೆಲದ್ ಮೇಲೆ ಹಾಕ್ತಾರಾ ಮಲ್ಲಣ್ಣಾ? ಗುರುಕೃಪಾ ಅಂತ ಐತೆ, ಜನ ತುಳಿಯಲ್ವಾ?" ಎಂದ.

ನೋಡಿ, ಹೆಸರನ್ನು ತುಳಿಯಬಾರದೆಂದು ಅವನಿಗೆ ಹೊಳೆದಿತ್ತು.

ಆರತಕ್ಷತೆ ಮದುವೆಯ ಹಿಂದಿನ ದಿನ ಸಂಜೆ. ಅಡುಗೆಯವರಿಗೆ ಕಾಫಿಪುಡಿ ನನ್ನದೇ ಆದ್ದರಿಂದ ನಾನು ಛತ್ರದಲ್ಲಿ ಮಧ್ಯಾಹ್ನದಿಂದ ಇದ್ದೆ. ವೇದಿಕೆಯ ಮೇಲೆ ಪ್ರಜ್ಞಾಳ ಈರುಳ್ಳಿ ಹೂವಿನ ಗೋಡೆ ಕಟ್ಟಿಯಾಗಿತ್ತು. ಹುಡುಗ ಹುಡುಗಿಯ ಹೆಸರು ಬೇರೆ ಥರ್ಮಾಕೋಲಿನ ಅಕ್ಷರಗಳಲ್ಲಿ ಮೇಲಿಂದ ತೂಗುತ್ತಿತ್ತು. ಕೆಳಗೆ ಬಲಮೂಲೆಯಲ್ಲಿ ಪ್ರಜ್ಞಾ ಡಿಜಿಟಲ್ಸ್. ರಂಗಪ್ಪನವರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಮೊದಲ ಸಾಲಿನ ಕುರ್ಚಿಯಲ್ಲಿ ಕೂತು, ಮಗಳ ಹೆಸರಿದ್ದ ಆ ಮೂಲೆಯನ್ನೇ ನೋಡುತ್ತಿದ್ದರು. ಕಲ್ಲೇಶನ ಹಾಸನ್ನು ಹಾಸಿ ಅದರ ಮೇಲೆ ನೀಲಿ ಟಾರ್ಪಾಲು ಮುಚ್ಚಿತ್ತು. ಧೂಳು ಕೂರುತ್ತದೆ, ಗಂಡು ಹೆಣ್ಣು ಬರುವವರೆಗೆ ತೆಗೆಯಬೇಡಿ ಎಂದು ಅವನೇ ಹೇಳಿ ಪಕ್ಕದಲ್ಲಿ ಕಾವಲು ನಿಂತಿದ್ದ.

ವಾಲಗ ಶುರುವಾಯಿತು. ಟಾರ್ಪಾಲು ಎಳೆದರು. ಸುಳ್ಳು ಹೇಳಬಾರದು, ಇಡೀ ಛತ್ರದ ಕಣ್ಣು ಕೆಳಗೇ ಹೋಯಿತು. ವೇದಿಕೆಯ ಈ ತುದಿಯಿಂದ ಆ ತುದಿಗೆ ಬಿಲ್ವದ ರಾಶಿ, ಯಾರೋ ಮರದ ಕೆಳಗೆ ಎಲೆ ಉದುರಿಸಿದ ಹಾಗೆ. ಗೆರೆ ಇಲ್ಲ, ಕಡಿತ ಇಲ್ಲ. ಪ್ರಜ್ಞಾ ನನ್ನ ಪಕ್ಕದಲ್ಲೇ ನಿಂತಿದ್ದಳು. ಅವಳ ಮುಖವೂ ಚಿಕ್ಕದಾದದ್ದನ್ನು ನಾನು ನೋಡಿದೆ. ಹೊಟ್ಟೆಕಿಚ್ಚು ಕಲ್ಲೇಶನೊಬ್ಬನದೇ ಸೊತ್ತಲ್ಲ. ಕಲ್ಲೇಶ ಅವಳನ್ನೇ ನೋಡುತ್ತಿದ್ದ. ಅವನು ಅಷ್ಟು ಸುಖವಾಗಿದ್ದದ್ದನ್ನು ನಾನು ಅದಕ್ಕೂ ಮುಂಚೆ ಕಂಡಿರಲಿಲ್ಲ.

ಗಂಡು ಹೆಣ್ಣು ಮೆಟ್ಟಿಲು ಹತ್ತಿದರು. ಮುಂದೆ ಗಂಡಿನ ಅಜ್ಜಿ ದಾಕ್ಷಾಯಣಮ್ಮ, ಹಣೆತುಂಬ ವಿಭೂತಿ. ಕೊನೆಯ ಮೆಟ್ಟಿಲಲ್ಲಿ ಆಕೆ ನಿಂತುಬಿಟ್ಟರು. ಕೆಳಗೆ ನೋಡಿದರು. ಬಗ್ಗಿ ಒಂದು ಎಲೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು.

"ಪತ್ರೆ ಕಣಪ್ಪಾ ಇದು. ದೇವ್ರ ತಲೆ ಮೇಲಿಡೋದ್ನ ತುಳಿತಾರೇನೋ?" ಎಂದು ಮೊಮ್ಮಗನಿಗೆ ಹೇಳಿ, ಹಾಗೆಯೇ ಹಿಂದಕ್ಕೆ ಇಳಿದರು.

ಆಕೆ ಇಳಿದ ಮೇಲೆ ಇನ್ನಾರು ಹತ್ತುತ್ತಾರೆ? ಮದುಮಕ್ಕಳು ಮೆಟ್ಟಿಲ ಮೇಲೆ, ಉಡುಗೊರೆ ಹಿಡಿದ ಜನ ಅವರ ಹಿಂದೆ, ಮೇಲೆ ಖಾಲಿ ವೇದಿಕೆಯಲ್ಲಿ ಎರಡು ಸಿಂಹಾಸನದ ಕುರ್ಚಿಗಳು. ಒಬ್ಬರು ಚಪ್ಪಲಿ ಬಿಟ್ಟು ಹತ್ತೋಣ ಎಂದರು, ಕಾಲು ಕಾಲೇ ಅಲ್ಲವೇ ಎಂದು ಇನ್ನೊಬ್ಬರು ತಡೆದರು. ಮತ್ತೆ ಟಾರ್ಪಾಲು ಮುಚ್ಚೋಣವೆಂದರೆ, ಮುಚ್ಚಿದರೆ ಕೆಳಗಿರುವುದು ಇಲ್ಲವಾಗುತ್ತದೆಯೇ ಎಂದು ದಾಕ್ಷಾಯಣಮ್ಮ ಕುರ್ಚಿಯಿಂದಲೇ ಕೇಳಿದರು. ಕಿತ್ತು ತೆಗೆದರೆ ಅಡಿಯಲ್ಲಿ ಸಂದು ಬಿಟ್ಟ ಹಲಗೆ, ಎದ್ದ ಮೊಳೆ. ಪಂಚಾಕ್ಷರಪ್ಪನವರು ಗಂಡಿನ ಕಡೆಯವರ ಮುಖ ನೋಡಲಾರದೆ ಕಲ್ಲೇಶನನ್ನು ಹುಡುಕುತ್ತಿದ್ದರು. ಅವನು ಕಂಬದ ಮರೆಗೆ ಸರಿದು ಬೆವರುತ್ತಿದ್ದ.

"ಹೊಳೀಲೇ ಇಲ್ಲ ಮಲ್ಲಣ್ಣಾ. ದೇವ್ರಾಣೆಗೂ ಹೊಳೀಲಿಲ್ಲ" ಎಂದ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಉದುರಿದ ಪತ್ರೆಯನ್ನು ದಾಟದೆ ಬಳಸಿ ಹೋಗುವವನು. ಆದರೆ ಅಷ್ಟು ದಿನವೂ ಅವನು ಮಾಡಿದ್ದು ನೆಲವನ್ನೇ ಅಲ್ಲ. ಕಂಪ್ಯೂಟರ್ ಪರದೆಯ ಮೇಲೆ ಎಲೆಗಳು ಎದ್ದು ನಿಂತಿದ್ದವು, ಅವನ ಮನಸ್ಸಿನಲ್ಲೂ ಅವು ಪ್ರಜ್ಞಾಳಿಗೆ ಸಿಕ್ಕಿದ ಗೋಡೆಯ ಮೇಲೇ ನಿಂತಿದ್ದವು. ಯಾರಿಗಾದರೂ ಒಮ್ಮೆ ತೋರಿಸಿದ್ದರೆ, ಸುಮನಾಳಿಗೆ ತೋರಿಸಿದ್ದರೂ ಸಾಕಿತ್ತು, ಆ ಕ್ಷಣವೇ ಹೇಳುತ್ತಿದ್ದಳು. ನನಗೆ ಅವನ ಮೇಲೆ ಕೋಪವೂ ಬಂತು, ಅಯ್ಯೋ ಎಂದೂ ಅನ್ನಿಸಿತು.

ಪ್ರಜ್ಞಾ ಮುಂದೆ ಹೋದಳು. ಪಂಚಾಕ್ಷರಪ್ಪನವರ ಹತ್ತಿರ ಅಲ್ಲ, ನೇರ ಕಲ್ಲೇಶನ ಹತ್ತಿರ ಬಂದಳು.

"ಅಣ್ಣಾ, ನಿಮ್ದು ಮೇಲ್ ಕಟ್ಟೋಣ, ನಂದು ಕೆಳಗ್ ಹಾಸೋಣ. ಎರಡೂ ಟೈಲೇ ಅಲ್ವಾ, ಎಲ್ಲಿ ಮಡಚಿದ್ರೂ ಕೆಡಲ್ಲ."

ಕಲ್ಲೇಶ ಅವಳ ಮುಖ ನೋಡಿದ. ಬೇಕೆಂದು ಹಪಹಪಿಸುತ್ತಿದ್ದ ಗೋಡೆಯನ್ನು ಅವಳೇ ಕೊಡುತ್ತಿದ್ದಳು, ಅದೂ ಇಡೀ ಊರು ನೋಡುತ್ತಿರುವಾಗ. ಅವನು ವೇದಿಕೆಯ ಕಡೆ ನಡೆದ. ಇಬ್ಬರೂ ಸೇರಿ ಬದಿಯಿಂದ ಹಾಸನ್ನು ಸುತ್ತಿ ಎತ್ತಿದರು. ಹಾಸು ಗೋಡೆಗಿಂತ ದೊಡ್ಡದಿತ್ತು, ಮಿಕ್ಕಿದ್ದನ್ನು ಮೇಲಿನ ಕಂಬಿಯ ಹಿಂದಕ್ಕೆ ಮಡಚಿದರು. ಹೆಸರೋ ಚಿತ್ರವೋ ನಡುವೆ ಇದ್ದಿದ್ದರೆ ಅರ್ಧ ಕತ್ತರಿಸಿಹೋಗುತ್ತಿತ್ತು, ಎಲೆಗಳಾದ್ದರಿಂದ ಅಲ್ಲಿಗೇ ಅಳೆದು ಮಾಡಿಸಿದ ಹಾಗೆ ಕೂತಿತು. ಅವಳದನ್ನು ನೆಲದ ಮುಂಭಾಗಕ್ಕೆ ಹಾಸಿದರು. ಮದುಮಗಳು, ನಮ್ಮಪ್ಪ ಈರುಳ್ಳಿ ಹೊಲದಲ್ಲೇ ಓಡಾಡಿದ್ದು, ನಾನೂ ಓಡಾಡಿದರೆ ತಪ್ಪಿಲ್ಲ ಎಂದು ನಕ್ಕಳು. ಜನರೂ ನಕ್ಕರು.

ಹಾಸಿದ ಮೇಲೆ ಪ್ರಜ್ಞಾ ಬಲಮೂಲೆಯ ಹತ್ತಿರ ಮಂಡಿಯೂರಿ ಕೂತು, ತನ್ನ ಹೆಸರಿದ್ದ ಅಂಚನ್ನು ಅಡಿಗೆ ಮಡಚಿ ಗುಂಡುಸೂಜಿ ಚುಚ್ಚಿದಳು. ಮೊದಲ ಸಾಲಿನಲ್ಲಿ ಕೂತಿದ್ದ ಅಪ್ಪನ ಕಡೆ ಆಗ ಅವಳು ನೋಡಲಿಲ್ಲ. ರಂಗಪ್ಪನವರು ಸ್ವಲ್ಪ ಹೊತ್ತು ಆ ಮೂಲೆಯನ್ನೇ ನೋಡಿ, ಆಮೇಲೆ ಎದ್ದು ಹೊರಗೆ ಹೋದರು. ಬಸ್ಸಿಗೆ ಹೊತ್ತಾಯಿತು ಎಂದು ನನಗೆ ಹೇಳಿದರು. ಅವರ ಮನೆ ಛತ್ರದಿಂದ ಕೂಗಳತೆಯಲ್ಲಿದೆ.

ದಾಕ್ಷಾಯಣಮ್ಮ ಹತ್ತಿ ಬಂದು ಗೋಡೆಯ ಎಲೆಗೆ ಕೈಮುಗಿದು ಮೊಮ್ಮಗನನ್ನು ಕೂರಿಸಿದರು. ಎಲ್ಲ ಸರಿಹೋಯಿತು. ಕತ್ತಲಾಗುವ ಹೊತ್ತಿಗೆ ಬೀರೂರು, ತರೀಕೆರೆ ಕಡೆಯ ನೆಂಟರೆಲ್ಲ ಬಂದರು. ನಡೆದ ರಂಪ ಅವರಿಗೆ ಗೊತ್ತಿಲ್ಲ. ಅವರಿಗೆ ಗೊತ್ತಿದ್ದದ್ದು ಮೊದಲಿನಿಂದ ಊರಿಗೆಲ್ಲ ಗೊತ್ತಿದ್ದ ಒಂದೇ ಸಂಗತಿ, ಗೋಡೆ ಪ್ರಜ್ಞಾಳದು, ನೆಲ ಕಲ್ಲೇಶನದು.

ಊಟದ ಪಂಕ್ತಿಯಲ್ಲಿ ಕಲ್ಲೇಶ ನನ್ನ ಪಕ್ಕ ಕೂತಿದ್ದ. ಎಡಗಡೆಯವರು, ಆ ಹುಡುಗಿ ಏನ್ ಎಲೆ ಮಾಡಿದಾಳೆ ರೀ, ಮುಟ್ಟಿ ನೋಡೋ ಹಾಗಿದೆ ಎಂದರು. ಕಲ್ಲೇಶ ತುತ್ತು ನಿಲ್ಲಿಸಿ ಅದು ತನ್ನದು ಎಂದ. ಅವರು ನಕ್ಕು, ನಿಮ್ಮದು ಕೆಳಗಿನದಲ್ಲವೇ, ಅದೂ ಪರವಾಗಿಲ್ಲ, ಈರುಳ್ಳಿ ಚೆನ್ನಾಗಿದೆ ಎಂದು ಸಮಾಧಾನ ಮಾಡಿದರು. ಅವನು ನನ್ನ ಮುಖ ನೋಡಿದ. ನಾನು ನಿಜ ಹೇಳಿದೆ. ಪಕ್ಕದಂಗಡಿಯವನಲ್ಲವೇ, ಬಿಟ್ಟುಕೊಡುತ್ತೇನೆಯೇ ಎಂಬಂತೆ ಅವರು ತಲೆಯಾಡಿಸಿ ಪಾಯಸ ಹಾಕಿಸಿಕೊಂಡರು.

ಬಾಗಿಲಲ್ಲಿ ನಿಂತ ಪ್ರಜ್ಞಾಳ ಮುಂದೆ ಹೋಗಿ ಬರುವವರೆಲ್ಲ ಗೋಡೆ ಹೊಗಳುತ್ತಿದ್ದರು. ಅವಳು ಒಬ್ಬೊಬ್ಬರಿಗೂ ಅದು ಕಲ್ಲೇಶಣ್ಣನದು ಎನ್ನುತ್ತಿದ್ದಳು, ನನ್ನ ಕಿವಿಯಾರೆ ಕೇಳಿದ್ದೇನೆ. ಎಷ್ಟು ದೊಡ್ಡ ಗುಣ ನೋಡಿ ಎಂದು ಜನ ಅದನ್ನೂ ಅವಳ ಲೆಕ್ಕಕ್ಕೇ ಬರೆದರು. ನಡೆದದ್ದನ್ನು ಕಂಡವರು ಕಥೆ ಹೇಳಿದರು, ಆದರೆ ಕಥೆ ಬಸ್ಸು ಹತ್ತಿ ಇಳಿಯುವಷ್ಟರಲ್ಲಿ ಬೇರೆಯಾಯಿತು. ಕಲ್ಲೇಶ ಪತ್ರೆಯನ್ನು ತುಳಿಯಲು ಹಾಕಿದನಂತೆ, ಆ ಹುಡುಗಿ ಓಡಿಹೋಗಿ ಬೇರೆ ಒಂದು ಮಾಡಿ ತಂದು ಗೋಡೆಗೆ ಕಟ್ಟಿ ಮಾನ ಉಳಿಸಿದಳಂತೆ. ಗೋಡೆಯ ಮೂಲೆಯಲ್ಲಿ ಒಂದು ಹೆಸರಿದ್ದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ. ಹೆಸರನ್ನು ಅವನೇ ಬಿಟ್ಟಿದ್ದ, ಜನ ತುಳಿಯಬಾರದೆಂದು.

ಅಂದಿನಿಂದ ಅವನು ನನ್ನ ಸ್ಟೂಲಿಗೆ ಬರುವುದನ್ನು ನಿಲ್ಲಿಸಿದ. ಪ್ರಜ್ಞಾ ಒಂದು ದಿನ ಅವನ ಅಂಗಡಿಗೇ ಹೋಗಿ, ಆ ಎಲೆಯ ನರಗಳನ್ನು ಹೇಗೆ ಬಿಡಿಸಿದಿರಿ, ತೋರಿಸಿಕೊಡಿ ಎಂದು ಕೇಳಿದಳಂತೆ. ಅವಳ ಮಾತಿನಲ್ಲಿ ಗೇಲಿ ಇರಲಿಲ್ಲ ಎಂದು ಸುಮನಾ ಹೇಳಿದಳು. ಕಲ್ಲೇಶ ಕರೆಂಟ್ ಇಲ್ಲ ಎಂದನಂತೆ. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತಂತೆ.

ಮೊನ್ನೆ ಹಿರೇನಲ್ಲೂರಿನ ಶಿವಪ್ರಸಾದ್ ಎಂಬುವವರು ಬಂದರು. ಮನೆ ಕಟ್ಟಿಸಿದ್ದಾರೆ, ಗೃಹಪ್ರವೇಶಕ್ಕೆ ಪೂಜೆಯ ಹಿಂದೆ ಕಟ್ಟಲು ಒಂದು ಪರದೆ ಬೇಕು. ಕಲ್ಲೇಶನ ಅಂಗಡಿಯಲ್ಲಿ ಆಗ ನಾನೂ ಕೂತಿದ್ದೆ, ಟೀ ತರಿಸಿದ್ದ. ಅವರು ಫೋನು ತೆಗೆದು ಒಂದು ಫೋಟೋ ತೋರಿಸಿದರು. ಪಂಚಾಕ್ಷರಪ್ಪನವರ ಮಗಳ ಆರತಕ್ಷತೆ. ಮದುಮಕ್ಕಳ ಹಿಂದೆ ಬಿಲ್ವದ ಗೋಡೆ.

"ಎದ್ರುಗಡೆ ಹುಡುಗಿ ಮಾಡಿದ್ದಂತೆ ಕಣ್ರೀ. ಅವಳಿಗೆ ಕೈತುಂಬ ಕೆಲ್ಸ, ಈ ತಿಂಗ್ಳು ಆಗಲ್ಲ ಅಂದ್ಲು, ನಿಮ್ಮನ್ನೇ ಕೇಳಿ ಅಂದ್ಲು. ಅವಳಷ್ಟು ಚೆನ್ನಾಗಿ ಬರದಿದ್ರೂ ಚಿಂತಿಲ್ಲ, ಹತ್ರ ಹತ್ರ ಬಂದ್ರೆ ಸಾಕು" ಎಂದರು.

ನಾನು ಬಾಯಿ ತೆರೆದೆ. ಕಲ್ಲೇಶ ಕೈಸನ್ನೆಯಲ್ಲಿ ತಡೆದ. ಕಂಪ್ಯೂಟರಿನಲ್ಲಿ ಹುಡುಕಿ ಆ ಚೌಕವನ್ನೇ ತೆಗೆದು, ಪರದೆ ತುಂಬ ಜೋಡಿಸಿ, ಮೊದಲ ಸಲ ಪರದೆಯನ್ನು ಗಿರಾಕಿಯ ಕಡೆ ತಿರುಗಿಸಿದ. ಶಿವಪ್ರಸಾದರು ಫೋನನ್ನು ಪರದೆಯ ಪಕ್ಕ ಹಿಡಿದು ಅದನ್ನೊಮ್ಮೆ ಇದನ್ನೊಮ್ಮೆ ನೋಡಿದರು. ಒಂದೇ ಎಲೆ, ಒಂದೇ ನರ, ಒಂದೇ ಹಸಿರು.

ಪರವಾಗಿಲ್ಲ, ಬಹಳ ಹತ್ತಿರ ಬಂದಿದ್ದೀರಿ ಎಂದರು. ಅವಳ ಕೈಗುಣವೇ ಬೇರೆ, ಆದರೂ ನಡೆಯುತ್ತದೆ, ಇದನ್ನೇ ಮಾಡಿಕೊಡಿ ಎಂದು ಹೇಳಿ, ಫೋಟೋವನ್ನು ಕಲ್ಲೇಶನ ಫೋನಿಗೆ ಕಳಿಸಿ ಹೊರಟರು.

ಅವರು ಬಸ್ ಸ್ಟ್ಯಾಂಡಿನ ಕಡೆ ತಿರುಗುವವರೆಗೂ ನಾನು ಹೇಗೋ ನಗು ತಡೆದುಕೊಂಡಿದ್ದೆ. ತಿರುಗಿ ನೋಡಿದರೆ ಕಲ್ಲೇಶ ನಗುತ್ತಿರಲಿಲ್ಲ. ಫೋನನ್ನು ಕಣ್ಣಿಗೆ ಹತ್ತಿರ ಹಿ‌ಡಿದು ಆ ಫೋಟೋವನ್ನು ಹಿಗ್ಗಿಸಿ ನೋಡುತ್ತಿದ್ದ. ಪರದೆ ನೋಡಿದ, ಮತ್ತೆ ಫೋಟೋ ನೋಡಿದ. ಹಳೆಯ ದಿನಗಳಲ್ಲಿ ನನ್ನ ಸ್ಟೂಲಿನ ಮೇಲೆ ಕೂತು ಎದುರಿನ ಅಂಗಡಿಯನ್ನು ನೋಡುತ್ತಿದ್ದ ಅದೇ ಮುಖ.

"ಮಲ್ಲಣ್ಣಾ, ನಿಜ ಹೇಳು" ಎಂದ. "ಅದ್ರಲ್ಲಿ ಹಸ್ರು ಇನ್ನೊಂಚೂರು ಚೆನ್ನಾಗಿದೆ, ಅಲ್ವಾ?"